ನೂರಾರು ಕಡತಗಳಲ್ಲಿ ಒಂದು ಹೆಸರನ್ನು ಬದಲಿಸುವುದು ಹೇಗೆ: ಗ್ರೆಪ್ ಮತ್ತು ಸೆಡ್ ಬಳಸಿ ಕನ್ನಡ ಪಠ್ಯ ತಿದ್ದುವ ಸಮಗ್ರ ಮಾರ್ಗದರ್ಶಿ

2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ನಗರಗಳ ಹೆಸರು ಅಧಿಕೃತವಾಗಿ ಬದಲಾಯಿತು. ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಕಾಗುಣಿತದ ತಿದ್ದುಪಡಿಗಳು. ಮೈಸೂರು, ಮಂಗಳೂರು, ಬಳ್ಳಾರಿಗಳನ್ನು ಕನ್ನಡದಲ್ಲಿ ನಾವು ಮೊದಲಿನಿಂದಲೂ ಹಾಗೆಯೇ ಬರೆಯುತ್ತಿದ್ದೆವು. ಆದರೆ ಗುಲ್ಬರ್ಗಾ ಕಲಬುರಗಿಯಾದದ್ದು ಮತ್ತು ಬಿಜಾಪುರ ವಿಜಯಪುರವಾದದ್ದು ಕನ್ನಡ ಬರವಣಿಗೆಯನ್ನೂ ಮುಟ್ಟಿತು. ಸಣ್ಣದೊಂದು ಪ್ರಕಾಶನದ ಊರು ಪರಿಚಯದ ಬರಹಗಳಲ್ಲಿ ಈ ಬದಲಾವಣೆ ಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ, ಹಳೆಯ ಹೆಸರನ್ನು ತೆಗೆದು ಹೊಸದನ್ನು ಹಾಕುವ ಒಂದು ಸಾಲಿನ ಕಮಾಂಡ್ ಬರೆದು ಓಡಿಸಿದೆ. ಅದು ಕ್ಷಣದಲ್ಲಿ ಮುಗಿಯಿತು. ಮರುದಿನ ಕಡತಗಳನ್ನು ತೆರೆದು ಓದಿದಾಗ ಎಲ್ಲೆಲ್ಲೂ ‘ಕಲಬುರಗಿದಲ್ಲಿ’, ‘ಕಲಬುರಗಿಕ್ಕೆ’, ‘ಕಲಬುರಗಿವನ್ನು’ ಎಂಬ ರೂಪಗಳು ಕಾಣಿಸಿದವು. ಇಂಗ್ಲಿಷಿನಲ್ಲಿ ಹೆಸರು ಒಂಟಿಯಾಗಿ ನಿಲ್ಲುತ್ತದೆ, ಕನ್ನಡದಲ್ಲಿ ಅದು ವಿಭಕ್ತಿಯನ್ನು ಹೊತ್ತುಕೊಂಡೇ ಬರುತ್ತದೆ. ಈ ಒಂದು ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಪದ ಹುಡುಕುವ ಗ್ರೆಪ್, ಪದ ಬದಲಿಸುವ ಸೆಡ್ ಎಂಬ ಇದೇ ಉಪಕರಣಗಳು ಕನ್ನಡಕ್ಕೂ ಚೆನ್ನಾಗಿ ದುಡಿಯುತ್ತವೆ. ಅದನ್ನು ಹಂತ ಹಂತವಾಗಿ ಇಲ್ಲಿ ವಿವರಿಸಿದ್ದೇನೆ.

ಮೊದಲು ಬರಹದ ಕ್ರಮದ ಬಗ್ಗೆ ಒಂದು ಮಾತು. ಕಮಾಂಡುಗಳನ್ನು ನಾವು ಫೋನಿನಲ್ಲಿ ಒಬ್ಬರಿಗೊಬ್ಬರು ಹೇಳುವಂತೆ ಕನ್ನಡ ಲಿಪಿಯಲ್ಲಿಯೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಬೇಕು. ಗ್ರೆಪ್ ಎಂದರೆ ಜಿ-ಆರ್-ಇ-ಪಿ, ಸೆಡ್ ಎಂದರೆ ಎಸ್-ಇ-ಡಿ, ಎಕ್ಸ್‌ಆರ್ಗ್ಸ್ ಎಂದರೆ ಎಕ್ಸ್-ಎ-ಆರ್-ಜಿ-ಎಸ್. ಹೈಫನ್ ನಂತರದ ಅಕ್ಷರಗಳೆಲ್ಲ ಸಣ್ಣವು. ದೊಡ್ಡ ಅಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ. ಒಂಟಿ ಉದ್ಧರಣ ಚಿಹ್ನೆಗಳ ಒಳಗಿನ ಮತ್ತು ನಿಯಮಗಳ ಓರೆಗೆರೆಗಳ ನಡುವಿನ ಕನ್ನಡ ಪದಗಳನ್ನು, ‘ನಿಯಮ’, ‘.ಹಳೆ’ ಎಂಬ ಹೆಸರುಗಳನ್ನು ಕನ್ನಡದಲ್ಲಿಯೇ ಟೈಪಿಸಬೇಕು.

ಮೊದಲ ಹಂತ: ಹಿಂದಿರುಗುವ ದಾರಿ

ಸೆಡ್‌ಗೆ ‘ಹಿಂದಕ್ಕೆ’ ಎಂಬ ಗುಂಡಿ ಇಲ್ಲ. ಒಮ್ಮೆ ಕಡತದ ಮೇಲೆ ಬರೆದರೆ ಹಳೆಯ ಪಠ್ಯ ಹೋದಂತೆಯೇ. ಆದ್ದರಿಂದ ಇಡೀ ಫೋಲ್ಡರಿನ ಒಂದು ಪ್ರತಿ ಮಾಡಿಕೊಳ್ಳದೆ ಮುಂದಿನ ಯಾವ ಸಾಲನ್ನೂ ಓಡಿಸಬೇಡಿ. ಕಡತಗಳು ಈಗಾಗಲೇ, ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಗಿಟ್‌ನಲ್ಲಿ ಇದ್ದರೆ ಇನ್ನೂ ಒಳ್ಳೆಯದು: ಬಾಕಿ ಇರುವ ಬದಲಾವಣೆಗಳನ್ನೆಲ್ಲ ಮೊದಲು ಕಮಿಟ್ ಮಾಡಿ (ಅಂದರೆ ಗಿಟ್‌ನಲ್ಲಿ ದಾಖಲಿಸಿ), ಕೆಲಸದ ಫೋಲ್ಡರ್ ಸ್ವಚ್ಛವಾಗಿದೆ ಎಂದು ಖಚಿತಪಡಿಸಿಕೊಂಡ ಮೇಲೆ ಶುರು ಮಾಡಿ. ಆಗ ಏನೇ ತಪ್ಪಾದರೂ ‘ಗಿಟ್ ರಿಸ್ಟೋರ್’ ಎಂದು ಬರೆದು, ಜಾಗ ಬಿಟ್ಟು ಒಂದು ಚುಕ್ಕಿ ಇಟ್ಟರೆ ಎಲ್ಲವೂ ಮೊದಲಿನ ಸ್ಥಿತಿಗೆ ಬರುತ್ತದೆ. ಕಡತಗಳ ಹೆಸರು ಕನ್ನಡದಲ್ಲಿದ್ದರೆ ಗಿಟ್ ಅವುಗಳನ್ನು ಹಿಮ್ಮುಖದ ಓರೆಗೆರೆ ಮತ್ತು ಅಂಕಿಗಳ ಸಾಲಾಗಿ ತೋರಿಸುತ್ತದೆ. ಅದರ ಸಂರಚನೆಯಲ್ಲಿ ಕೋರ್ ಚುಕ್ಕಿ ಕೋಟ್‌ಪಾತ್ ಎಂಬುದನ್ನು ಫಾಲ್ಸ್ ಎಂದು ಹೊಂದಿಸಿದರೆ ಹೆಸರುಗಳು ಓದುವಂತೆ ಕಾಣುತ್ತವೆ.

ಎರಡನೆಯ ಹಂತ: ಏನೇನಿದೆ ಎಂದು ನೋಡುವುದು

ನನ್ನ ಅನುಭವದಲ್ಲಿ ಇಡೀ ಕೆಲಸದ ಅರ್ಧದಷ್ಟು ಸಮಯ ಇಲ್ಲಿಯೇ ಹೋಗಬೇಕು. ಕೆನ್ ಥಾಂಪ್ಸನ್ 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬರೆದ ಗ್ರೆಪ್ ಕೇವಲ ಹುಡುಕುತ್ತದೆ, ಏನನ್ನೂ ಬದಲಿಸುವುದಿಲ್ಲ. ಹಾಗಾಗಿ ಅದನ್ನು ಎಷ್ಟು ಬಾರಿ ಬೇಕಾದರೂ ಭಯವಿಲ್ಲದೆ ಓಡಿಸಬಹುದು. ಫೋಲ್ಡರಿನ ಒಳಗೆ ನಿಂತು ಹೀಗೆ ಬರೆಯಿರಿ:

ಗ್ರೆಪ್ -ಆರ್ -ಎನ್ 'ಗುಲ್ಬರ್ಗಾ' .

ಆರ್ ಎಂಬುದು ಒಳಗಿನ ಎಲ್ಲ ಫೋಲ್ಡರುಗಳನ್ನೂ ಹೊಕ್ಕು ನೋಡಲು ಹೇಳುತ್ತದೆ, ಎನ್ ಎಂಬುದು ಸಾಲಿನ ಸಂಖ್ಯೆಯನ್ನು ತೋರಿಸುತ್ತದೆ, ಕೊನೆಯ ಚುಕ್ಕಿ ಎಂದರೆ ‘ಇಲ್ಲಿಂದ’. ಆದರೆ ಇದು ನಾವು ಊಹಿಸಿದ ಒಂದೇ ಕಾಗುಣಿತವನ್ನು ಹುಡುಕುತ್ತದೆ. ಬರೆದವರು ಗುಲ್ಬರ್ಗ, ಗುಲಬರ್ಗಾ, ಗುಲಬರ್ಗ ಎಂದೂ ಬರೆದಿರುತ್ತಾರೆ. ಎಲ್ಲ ರೂಪಗಳನ್ನೂ ಅವುಗಳ ಪ್ರತ್ಯಯಗಳ ಸಮೇತ, ಎಷ್ಟು ಬಾರಿ ಬಂದಿವೆ ಎಂಬ ಲೆಕ್ಕದೊಂದಿಗೆ ಪಟ್ಟಿ ಮಾಡಿಸಲು ಈ ಸಾಲು ಬೇಕು:

ಗ್ರೆಪ್ -ಆರ್ -ಒ -ಎಚ್ 'ಗುಲ[^ ]*ಬರ್ಗ[^ ]*' . | ಸಾರ್ಟ್ | ಯೂನಿಕ್ -ಸಿ | ಸಾರ್ಟ್ -ಎನ್ -ಆರ್

ಚೌಕ ಆವರಣದೊಳಗಿನ ಟೋಪಿ ಚಿಹ್ನೆ ಮತ್ತು ಖಾಲಿ ಜಾಗಕ್ಕೆ ‘ಖಾಲಿ ಜಾಗವಲ್ಲದ ಯಾವುದೇ ಅಕ್ಷರ’ ಎಂದು ಅರ್ಥ. ನಕ್ಷತ್ರಕ್ಕೆ ‘ಸೊನ್ನೆ ಅಥವಾ ಎಷ್ಟಾದರೂ’ ಎಂದು ಅರ್ಥ. ಒ ಎಂಬುದು ಇಡೀ ಸಾಲಿನ ಬದಲು ಹೊಂದಿದ ಭಾಗವನ್ನಷ್ಟೇ ಕೊಡುತ್ತದೆ, ಎಚ್ ಎಂಬುದು ಕಡತದ ಹೆಸರನ್ನು ಬಿಡುತ್ತದೆ. ನಿಂತ ಗೆರೆ ಒಂದು ಕಮಾಂಡಿನ ಫಲಿತಾಂಶವನ್ನು ಮುಂದಿನದಕ್ಕೆ ಹಾಯಿಸುತ್ತದೆ. ಇಲ್ಲಿ ಸಾರ್ಟ್ ಎಂದರೆ ಎಸ್-ಒ-ಆರ್-ಟಿ, ಯೂನಿಕ್ ಎಂದರೆ ಯು-ಎನ್-ಐ-ಕ್ಯೂ.

ಈ ಪಟ್ಟಿಯನ್ನು ಪರದೆಯ ಮೇಲೆ ಸರ್ರನೆ ಓಡಲು ಬಿಡದೆ ಒಂದು ಕಡತಕ್ಕೆ ಹಾಕಿಸಿ, ಕುಳಿತು ಓದಿ. ‘ಗುಲ್ಬರ್ಗಾದಲ್ಲಿ’, ‘ಗುಲಬರ್ಗಾಕ್ಕೆ’, ‘ಗುಲ್ಬರ್ಗದವರು’ ಇವೆಲ್ಲ ನಿರೀಕ್ಷಿತವೇ. ನಮಗೆ ಬೇಕಾದವು ನಿರೀಕ್ಷಿಸದೆ ಬರುವ ರೂಪಗಳು. ‘ಗುಲ್ಬರ್ಗಾದ್ಯಂತ’ ಅಂಥದ್ದೊಂದು. ಲಾಹೋರಿನ ಗುಲ್ಬರ್ಗ್ ಬಡಾವಣೆಯ ಪ್ರಸ್ತಾಪ ಎಲ್ಲಾದರೂ ಇದ್ದರೆ ಅದೂ ಈ ಬಲೆಗೆ ಬೀಳುತ್ತದೆ, ಮತ್ತು ಎಚ್ಚರ ತಪ್ಪಿದರೆ ಅದೂ ಕಲಬುರಗಿಯಾಗುತ್ತದೆ. ಗುಲಬರ್ಗಾ ವಿಶ್ವವಿದ್ಯಾಲಯದ ಹೆಸರು ಊರಿನ ಹೆಸರಿನೊಂದಿಗೆ ಬದಲಾಗಲಿಲ್ಲ, ಆದ್ದರಿಂದ ಅದನ್ನು ಮುಟ್ಟುವಂತಿಲ್ಲ. ಹಳೆಯ ಪತ್ರಗಳ, ಶಾಸನ ವರದಿಗಳ, ಬೇರೆಯವರ ಪುಸ್ತಕಗಳ ಉದ್ಧರಣೆಗಳಲ್ಲಿ ಬರುವ ಹೆಸರನ್ನೂ ಬದಲಿಸಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಅದು ಬರೆದವರ ಮಾತನ್ನು ತಿರುಚಿದಂತೆ. ಅಂಥ ಕಡತಗಳನ್ನು ಬೇರೆ ಫೋಲ್ಡರಿಗೆ ಸರಿಸಿಟ್ಟುಬಿಡಿ.

ಮೂರನೆಯ ಹಂತ: ನಿಯಮಗಳನ್ನು ಬರೆಯುವುದು

ಸೆಡ್ ಅನ್ನು ಲೀ ಮೆಕ್‌ಮ್ಯಾಹನ್ ಅವರು ಬೆಲ್ ಲ್ಯಾಬ್ಸ್‌ನಲ್ಲಿ 1970ರ ದಶಕದಲ್ಲಿ ರೂಪಿಸಿದರು. ಅದರ ಬದಲಿ ನಿಯಮದ ಆಕಾರ ಅಂದಿನಿಂದ ಇಂದಿನವರೆಗೂ ಒಂದೇ: ಎಸ್, ಓರೆಗೆರೆ, ಹಳೆಯದು, ಓರೆಗೆರೆ, ಹೊಸದು, ಓರೆಗೆರೆ, ಜಿ. ಕೊನೆಯ ಜಿ ಇಲ್ಲದಿದ್ದರೆ ಪ್ರತಿ ಸಾಲಿನಲ್ಲಿ ಮೊದಲ ಬಾರಿ ಬಂದದ್ದು ಮಾತ್ರ ಬದಲಾಗುತ್ತದೆ. ಕನ್ನಡ ಗದ್ಯದಲ್ಲಿ ಒಂದು ಪ್ಯಾರಾ ಪೂರ್ತಿ ಒಂದೇ ಸಾಲಾಗಿರುವುದು ಸಾಮಾನ್ಯವಾದ್ದರಿಂದ ಜಿ ಮರೆತರೆ ಅರ್ಧ ಕೆಲಸ ಉಳಿದುಬಿಡುತ್ತದೆ.

ನಿಯಮಗಳನ್ನು ಕಮಾಂಡಿನಲ್ಲಿಯೇ ತುರುಕುವ ಬದಲು ‘ನಿಯಮ’ ಎಂಬ ಪ್ರತ್ಯೇಕ ಕಡತದಲ್ಲಿ, ಸಾಲಿಗೊಂದರಂತೆ ಬರೆಯಿರಿ. ಆ ಕಡತವನ್ನು ಪಠ್ಯದ ಫೋಲ್ಡರಿನ ಹೊರಗೆ, ಒಂದು ಮೆಟ್ಟಿಲು ಮೇಲೆ ಇಡಿ. ಒಳಗೆ ಇಟ್ಟರೆ ಗ್ರೆಪ್ ಅದನ್ನೂ ಹುಡುಕಿ ಕೊಡುತ್ತದೆ, ಸೆಡ್ ಅದರೊಳಗಿನ ಗುಲ್ಬರ್ಗಾಗಳನ್ನೂ ಕಲಬುರಗಿ ಮಾಡಿ, ನಿಯಮಗಳೇ ಕೆಡುತ್ತವೆ. ನಮ್ಮ ನಿಯಮಗಳು ಇವು:

ಎಸ್/ಗುಲ್‌ಬರ್ಗ/ಗುಲ್ಬರ್ಗ/ಜಿ
ಎಸ್/ಗುಲಬರ್ಗ/ಗುಲ್ಬರ್ಗ/ಜಿ
ಎಸ್/ಗುಲ್ಬರ್ಗಾ/ಗುಲ್ಬರ್ಗ/ಜಿ
ಎಸ್/ಗುಲ್ಬರ್ಗ ವಿಶ್ವವಿದ್ಯಾ/@@1@@ ವಿಶ್ವವಿದ್ಯಾ/ಜಿ
ಎಸ್/ಗುಲ್ಬರ್ಗದ್ಯಂತ/ಕಲಬುರಗಿಯಾದ್ಯಂತ/ಜಿ
ಎಸ್/ಗುಲ್ಬರ್ಗದ/ಕಲಬುರಗಿಯ/ಜಿ
ಎಸ್/ಗುಲ್ಬರ್ಗವ/ಕಲಬುರಗಿಯ/ಜಿ
ಎಸ್/ಗುಲ್ಬರ್ಗಕ್ಕೆ/ಕಲಬುರಗಿಗೆ/ಜಿ
ಎಸ್/ಗುಲ್ಬರ್ಗ/ಕಲಬುರಗಿ/ಜಿ
ಎಸ್/@@1@@/ಗುಲಬರ್ಗಾ/ಜಿ

ಸೆಡ್ ಪ್ರತಿ ಸಾಲಿನ ಮೇಲೂ ಈ ನಿಯಮಗಳನ್ನು ಮೇಲಿನಿಂದ ಕೆಳಕ್ಕೆ ಇದೇ ಕ್ರಮದಲ್ಲಿ ನಡೆಸುತ್ತದೆ. ಹಾಗಾಗಿ ಕ್ರಮವೇ ಇಲ್ಲಿನ ಜೀವಾಳ. ಮೊದಲ ಮೂರು ನಿಯಮಗಳು ಬೇರೆ ಬೇರೆ ಕಾಗುಣಿತಗಳನ್ನು ಒಂದೇ ರೂಪಕ್ಕೆ ತರುತ್ತವೆ, ಅದರಿಂದ ಮುಂದಿನ ಪ್ರತಿ ನಿಯಮವನ್ನೂ ನಾಲ್ಕು ಸಲ ಬರೆಯುವುದು ತಪ್ಪುತ್ತದೆ. ನಾಲ್ಕನೆಯದು ವಿಶ್ವವಿದ್ಯಾಲಯದ ಹೆಸರಿಗೆ ಪಠ್ಯದಲ್ಲಿ ಎಲ್ಲಿಯೂ ಇಲ್ಲದ ಒಂದು ಗುರುತನ್ನು ಹಾಕಿ ಬಚ್ಚಿಡುತ್ತದೆ, ಕೊನೆಯದು ಅದನ್ನು ಮರಳಿ ತರುತ್ತದೆ. ಆ ಗುರುತು ನಿಮ್ಮ ಕಡತಗಳಲ್ಲಿ ಮೊದಲೇ ಇಲ್ಲವೆಂದು ಗ್ರೆಪ್‌ನಿಂದ ನೋಡಿಕೊಳ್ಳಿ. ಲಾಹೋರಿನ ಬಡಾವಣೆ ನಿಮ್ಮ ಪಟ್ಟಿಯಲ್ಲಿ ಕಂಡಿದ್ದರೆ ಅದಕ್ಕೂ @@2@@ ಎಂದು ಇನ್ನೊಂದು ಜೋಡಿ ನಿಯಮ ಬೇಕಾಗುತ್ತದೆ.

ವಿಭಕ್ತಿಯ ನಿಯಮಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ‘ದಲ್ಲಿ’, ‘ದಿಂದ’, ‘ದವರು’ ಎಂದು ಪ್ರತಿಯೊಂದಕ್ಕೂ ಬೇರೆ ನಿಯಮ ಬರೆಯಬೇಕಾಗುತ್ತದೆ ಎಂದು ಮೊದಲು ನಾನು ಅಂದುಕೊಂಡಿದ್ದೆ. ಬೇಕಿಲ್ಲ. ಯೂನಿಕೋಡ್‌ನಲ್ಲಿ ‘ದಿ’ ಎಂಬುದು ಒಂದೇ ಅಕ್ಷರವಲ್ಲ, ‘ದ’ ಆದ ಮೇಲೆ ಗುಡಿಸಿನ ಚಿಹ್ನೆ ಪ್ರತ್ಯೇಕವಾಗಿ ಕೂತಿರುತ್ತದೆ. ಆದ್ದರಿಂದ ‘ಗುಲ್ಬರ್ಗದ’ ಎಂಬುದನ್ನು ‘ಕಲಬುರಗಿಯ’ ಎಂದು ಬದಲಿಸಿದಾಗ ‘ಗುಲ್ಬರ್ಗದಿಂದ’ ಎಂಬುದರ ಗುಡಿಸು ಹೊಸ ‘ಯ’ಕ್ಕೆ ಅಂಟಿಕೊಂಡು ತಾನಾಗಿಯೇ ‘ಕಲಬುರಗಿಯಿಂದ’ ಆಗುತ್ತದೆ. ‘ದಲ್ಲಿ’ ಹೋಗಿ ‘ಯಲ್ಲಿ’ ಬರುತ್ತದೆ, ‘ದವರು’ ಹೋಗಿ ‘ಯವರು’ ಬರುತ್ತದೆ. ‘ವ’ ನಿಯಮವೂ ಹೀಗೆಯೇ: ‘ವನ್ನು’, ‘ವೂ’, ‘ವೇ’, ‘ವಾಗಿ’ ನಾಲ್ಕೂ ಸರಿಯಾದ ಯಕಾರದ ರೂಪ ಪಡೆಯುತ್ತವೆ. ದಕಾರಾಗಮ, ವಕಾರಾಗಮಗಳ ಜಾಗದಲ್ಲಿ ಯಕಾರಾಗಮ ಬರುವ ನಮ್ಮ ವ್ಯಾಕರಣದ ನಿಯಮವನ್ನೇ ಎರಡು ಸಾಲುಗಳಲ್ಲಿ ಸೆಡ್‌ಗೆ ಹೇಳಿಕೊಟ್ಟಂತಾಯಿತು. ಚತುರ್ಥಿ ಮಾತ್ರ ಈ ದಾರಿಗೆ ಬರುವುದಿಲ್ಲ, ‘ಕ್ಕೆ’ ಹೋಗಿ ‘ಗೆ’ ಬರಬೇಕಾದ್ದರಿಂದ ಅದಕ್ಕೆ ತನ್ನದೇ ನಿಯಮ ಬೇಕು.

ಇದೇ ಅನುಕೂಲ ಒಂದು ಕಡೆ ಕೈಕೊಡುತ್ತದೆ. ‘ಗುಲ್ಬರ್ಗಾದ್ಯಂತ’ ಎಂಬಲ್ಲಿ ‘ದ’ ನಂತರ ಇರುವುದು ಸ್ವರಚಿಹ್ನೆಯಲ್ಲ, ವಿರಾಮ ಚಿಹ್ನೆ, ಅಂದರೆ ಅರ್ಧಾಕ್ಷರ ಮಾಡುವ ಹಲಂತ. ಐದನೆಯ ನಿಯಮ ಇಲ್ಲದಿದ್ದರೆ ಅದು ‘ಕಲಬುರಗಿಯ್ಯಂತ’ ಆಗುತ್ತಿತ್ತು. ‘ಗುಲ್ಬರ್ಗದ್ದು’ ಎಂಬ ಆಡುಮಾತಿನ ರೂಪವೂ ಹೀಗೆಯೇ ಕೆಡುತ್ತದೆ. ಅದಕ್ಕೇ ಉದ್ದನೆಯ ಮತ್ತು ವಿಶೇಷ ರೂಪಗಳನ್ನು ಮೊದಲು, ಮೂಲ ರೂಪವನ್ನು ಕೊನೆಯಲ್ಲಿ ಇಡಬೇಕು.

ನಿಮ್ಮ ಹಳೆಯ ಪಠ್ಯದಲ್ಲಿ ಚುಕ್ಕಿ, ನಕ್ಷತ್ರ, ಚೌಕ ಆವರಣ, ಡಾಲರ್ ಚಿಹ್ನೆ ಇದ್ದರೆ ಅವುಗಳಿಗಿಂತ ಮೊದಲು ಹಿಮ್ಮುಖದ ಓರೆಗೆರೆ ಹಾಕಬೇಕು. ಹೊಸ ಪಠ್ಯದಲ್ಲಿ ‘ಮತ್ತು’ ಎಂಬ ಅರ್ಥದ ಆಂಪರ್‌ಸ್ಯಾಂಡ್ ಚಿಹ್ನೆ ಇದ್ದರೆ ಅದಕ್ಕೂ ಹಾಗೆಯೇ, ಇಲ್ಲವಾದರೆ ಆ ಜಾಗದಲ್ಲಿ ಹಳೆಯ ಪದವೇ ಬಂದು ಕೂರುತ್ತದೆ. ವೆಬ್ ವಿಳಾಸಗಳನ್ನು ಬದಲಿಸುವಾಗ ಓರೆಗೆರೆಗಳ ಕಾಟ ತಪ್ಪಿಸಲು ನಿಯಮದ ಗಡಿಯಾಗಿ # ಚಿಹ್ನೆಯನ್ನು ಬಳಸಬಹುದು.

ನಾಲ್ಕನೆಯ ಹಂತ: ಒಂದು ಕಡತದ ಮೇಲೆ ಪರೀಕ್ಷೆ

ಐ ಎಂಬ ಆಯ್ಕೆ ಇಲ್ಲದೆ ಓಡಿಸಿದರೆ ಸೆಡ್ ಕಡತವನ್ನು ಮುಟ್ಟದೆ ಫಲಿತಾಂಶವನ್ನು ಪರದೆಗೆ ಮಾತ್ರ ಕೊಡುತ್ತದೆ. ಅದನ್ನು ಡಿಫ್‌ಗೆ (ಡಿ-ಐ-ಎಫ್-ಎಫ್) ಹಾಯಿಸಿ ಹಳೆಯದರೊಂದಿಗೆ ಹೋಲಿಸಿ:

ಸೆಡ್ -ಎಫ್ ../ನಿಯಮ 'ಊರು ಪರಿಚಯ' | ಡಿಫ್ 'ಊರು ಪರಿಚಯ' -

‘ಊರು ಪರಿಚಯ’ ಎಂಬುದು ಇಲ್ಲಿ ಕಡತದ ಹೆಸರು. ಎಫ್ ಎಂಬುದು ನಿಯಮಗಳನ್ನು ಕಡತದಿಂದ ಓದಲು ಹೇಳುತ್ತದೆ, ಎರಡು ಚುಕ್ಕಿ ಮತ್ತು ಓರೆಗೆರೆ ಎಂದರೆ ‘ಒಂದು ಮೆಟ್ಟಿಲು ಮೇಲೆ’. ಹೆಚ್ಚು ಪ್ರತ್ಯಯಗಳಿರುವ, ವಿಶ್ವವಿದ್ಯಾಲಯದ ಪ್ರಸ್ತಾಪವೂ ಇರುವ ಕಡತವನ್ನೇ ಆರಿಸಿಕೊಳ್ಳಿ. ಎಡಗೋನ ಚಿಹ್ನೆಯ ಸಾಲು ಹಳೆಯದು, ಬಲಗೋನ ಚಿಹ್ನೆಯದು ಹೊಸದು. ಜೋರಾಗಿ ಓದಿದರೆ ತಪ್ಪು ವಿಭಕ್ತಿ ಕಣ್ಣಿಗಿಂತ ಬೇಗ ಕಿವಿಗೆ ತಟ್ಟುತ್ತದೆ.

ಐದನೆಯ ಹಂತ: ಎಲ್ಲ ಕಡತಗಳ ಮೇಲೆ

ಗ್ರೆಪ್ -ಆರ್ -ಎಲ್ -ಐ --ನಲ್ --ಎಕ್ಸ್‌ಕ್ಲೂಡ್-ಡಿರ್=.ಗಿಟ್ 'ಗುಲ[^ ]*ಬರ್ಗ' . | ಎಕ್ಸ್‌ಆರ್ಗ್ಸ್ -0 ಸೆಡ್ -ಐ.ಹಳೆ -ಎಫ್ ../ನಿಯಮ

ಇದರಲ್ಲಿ ಗ್ರೆಪ್‌ನ ಐ ದೊಡ್ಡ ಅಕ್ಷರ, ಸೆಡ್‌ನ ಐ ಸಣ್ಣದು. ನಲ್ ಎಂದರೆ ಎನ್-ಯು-ಎಲ್-ಎಲ್, ಡಿರ್ ಎಂದರೆ ಡಿ-ಐ-ಆರ್. ಎಲ್ ಎಂಬುದು ಹೊಂದುವ ಕಡತಗಳ ಹೆಸರನ್ನಷ್ಟೇ ಕೊಡುತ್ತದೆ, ದೊಡ್ಡ ಐ ಚಿತ್ರ ಮುಂತಾದ ದ್ವಿಮಾನ ಕಡತಗಳನ್ನು ಬಿಟ್ಟುಬಿಡುತ್ತದೆ. ಎಕ್ಸ್‌ಆರ್ಗ್ಸ್ ಆ ಹೆಸರುಗಳನ್ನು ಸೆಡ್‌ಗೆ ದಾಟಿಸುತ್ತದೆ. ನಲ್ ಮತ್ತು ಸೊನ್ನೆಯ ಜೋಡಿ ಬಹಳ ಮುಖ್ಯ: ಅವಿಲ್ಲದಿದ್ದರೆ ‘ಊರು ಪರಿಚಯ’ ಎಂಬ ಒಂದು ಕಡತವನ್ನು ಎಕ್ಸ್‌ಆರ್ಗ್ಸ್ ‘ಊರು’ ಮತ್ತು ‘ಪರಿಚಯ’ ಎಂಬ ಎರಡು ಕಡತಗಳೆಂದು ತಿಳಿಯುತ್ತದೆ. ಗಿಟ್‌ನ ಒಳ ಫೋಲ್ಡರನ್ನು ಹೊರಗಿಡುವುದನ್ನು ಎಂದಿಗೂ ಮರೆಯಬೇಡಿ. ಸೆಡ್ ಅಲ್ಲಿ ಕೈಯಾಡಿಸಿದರೆ ಹಿಂದಿರುಗುವ ದಾರಿಯೇ ಹಾಳಾಗಬಹುದು.

ಸೆಡ್‌ನ ಐ ಮತ್ತು ಚುಕ್ಕಿ-ಹಳೆ ನಡುವೆ ಜಾಗ ಬಿಡಬಾರದು. ಹೀಗೆ ಅಂಟಿಸಿ ಬರೆದರೆ ಪ್ರತಿ ಕಡತದ ಮೊದಲಿನ ರೂಪ ‘.ಹಳೆ’ ಎಂಬ ಬಾಲದೊಂದಿಗೆ ಪಕ್ಕದಲ್ಲಿ ಉಳಿಯುತ್ತದೆ, ಮತ್ತು ಈ ರೂಪ ಲಿನಕ್ಸ್‌ನಲ್ಲಿಯೂ ಮ್ಯಾಕ್‌ನಲ್ಲಿಯೂ ಒಂದೇ ರೀತಿ ನಡೆಯುತ್ತದೆ. ಲಿನಕ್ಸ್‌ನಲ್ಲಿ ಬಾಲವಿಲ್ಲದೆ ಬರಿಯ ಐ ಬಳಸಬಹುದು. ಮ್ಯಾಕ್‌ನ ಸೆಡ್ ಮಾತ್ರ ಐ ನಂತರ ಬರುವ ಪದವನ್ನೇ ಬಾಲವೆಂದು ತಿಳಿಯುವುದರಿಂದ, ಲಿನಕ್ಸ್‌ನ ಸಾಲನ್ನು ಅಲ್ಲಿ ಹಾಗೆಯೇ ಅಂಟಿಸಿದರೆ ಗೊಂದಲದ ದೋಷ ಸಂದೇಶ ಬರುತ್ತದೆ. ಇನ್ನೊಂದು ಸೂಕ್ಷ್ಮ: ಸೆಡ್ ಹಳೆಯ ಕಡತದ ಒಳಗೆ ತಿದ್ದುವುದಿಲ್ಲ, ಹೊಸದೊಂದನ್ನು ಬರೆದು ಹಳೆಯದರ ಜಾಗದಲ್ಲಿ ಕೂರಿಸುತ್ತದೆ. ಸಾಂಕೇತಿಕ ಕೊಂಡಿಗಳಿದ್ದರೆ (ಬೇರೆ ಕಡತದತ್ತ ಬೆರಳು ತೋರಿಸುವ ಹೆಸರುಗಳು) ಅವು ಸಾಮಾನ್ಯ ಕಡತಗಳಾಗಿಬಿಡುತ್ತವೆ.

ಆರನೆಯ ಹಂತ: ಉಳಿದದ್ದು, ಕೆಟ್ಟದ್ದು

ಈಗ ಮೂರು ಹುಡುಕಾಟ ಮಾಡಿ. ‘.ಹಳೆ’ ಪ್ರತಿಗಳನ್ನು ಮೊದಲು ಬೇರೆಡೆಗೆ ಸರಿಸಿ, ಇಲ್ಲವಾದರೆ ಗ್ರೆಪ್ ಅವುಗಳನ್ನೂ ತೋರಿಸಿ ಗೊಂದಲವಾಗುತ್ತದೆ. ಮೊದಲನೆಯದು, ಎರಡನೆಯ ಹಂತದ ಪಟ್ಟಿಯ ಸಾಲನ್ನೇ ಮತ್ತೆ ಓಡಿಸುವುದು. ವಿಶ್ವವಿದ್ಯಾಲಯದ ಹೆಸರಿನ ‘ಗುಲಬರ್ಗಾ’ ಮತ್ತು ನೀವೇ ಬೇಕೆಂದು ಉಳಿಸಿಕೊಂಡ ಹೆಸರುಗಳ ಹೊರತು ಬೇರೇನೂ ಬರಬಾರದು. ಎರಡನೆಯದು, ‘ಕಲಬುರಗಿಯ್’ ಎಂದು ಹುಡುಕುವುದು. ‘ದ್’ ಇದ್ದ ಕಡೆಯೆಲ್ಲ ಕೆಟ್ಟ ರೂಪಗಳು ಇದರಲ್ಲಿ ಸಿಕ್ಕಿಬೀಳುತ್ತವೆ. ಮೂರನೆಯದು, @@ ಗುರುತು ಎಲ್ಲಾದರೂ ಉಳಿದಿದೆಯೇ ಎಂದು ನೋಡುವುದು. ಆ ಬಳಿಕ ಗಿಟ್ ಡಿಫ್ ಅನ್ನು ‘ವರ್ಡ್-ಡಿಫ್’ ಆಯ್ಕೆಯೊಂದಿಗೆ ಓಡಿಸಿದರೆ ಇಡೀ ಪ್ಯಾರಾದ ಬದಲು ಬದಲಾದ ಪದಗಳು ಮಾತ್ರ ಎದ್ದು ಕಾಣುತ್ತವೆ. ಕಡತಗಳ ಹೆಸರಿನಲ್ಲಿಯೇ ಗುಲ್ಬರ್ಗಾ ಇದ್ದರೆ ಸೆಡ್ ಅದನ್ನು ಮುಟ್ಟಿರುವುದಿಲ್ಲ, ಅವುಗಳನ್ನು ಬೇರೆಯಾಗಿ ಬದಲಿಸಬೇಕು.

ಕಣ್ಣಿಗೆ ಒಂದೇ, ಯಂತ್ರಕ್ಕೆ ಬೇರೆ

ಪರದೆಯ ಮೇಲೆ ಎದುರಿಗೇ ಕಾಣುವ ಪದವನ್ನು ಗ್ರೆಪ್ ‘ಇಲ್ಲ’ ಎನ್ನುವುದುಂಟು. ಶಿವಮೊಗ್ಗ ಎಂಬ ಪದವನ್ನು ತೆಗೆದುಕೊಳ್ಳಿ. ಇದರಲ್ಲಿನ ‘ಮೊ’ದ ಒತ್ವವನ್ನು ಒಂದೇ ಚಿಹ್ನೆಯಾಗಿ ಬರೆದರೆ ಪದ 8 ಸಂಕೇತಗಳದ್ದು; ಯೂನಿಕೋಡ್ ಪಠ್ಯವನ್ನು ಕಡತದಲ್ಲಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕಾದ್ದರಿಂದ ಒಟ್ಟು 24 ಬೈಟ್. ಅದೇ ಒತ್ವವನ್ನು ಎತ್ವ ಮತ್ತು ಊತ್ವ ಎಂದು ಎರಡು ಚಿಹ್ನೆಗಳಾಗಿ ಬಿಡಿಸಿ ಬರೆದಿದ್ದರೆ 27 ಬೈಟ್. ನೋಡಲು ಎರಡೂ ಒಂದೇ, ಆದರೆ ಗ್ರೆಪ್ ಹೋಲಿಸುವುದು ಸಂಕೇತಗಳನ್ನು. ಈ, ಏ, ಐ, ಓ ಸ್ವರಗಳ ಚಿಹ್ನೆಗಳಿಗೂ ಇಂಥ ಜೋಡಿ ರೂಪಗಳಿವೆ. ಐಸಿಯು ಗ್ರಂಥಾಲಯದ ಜೊತೆ ಬರುವ ಯುಕಾನ್ವ್ (ಯು-ಸಿ-ಒ-ಎನ್-ವಿ) ಎಂಬ ಉಪಕರಣ ಎಲ್ಲವನ್ನೂ ಎನ್‌ಎಫ್‌ಸಿ ಎಂಬ ಜೋಡಿಸಿದ ರೂಪಕ್ಕೆ ತರುತ್ತದೆ. ಬೇರೆ ಬೇರೆ ಮೂಲಗಳಿಂದ ಬಂದ ಕಡತಗಳಿದ್ದರೆ ಅದನ್ನು ಮೊದಲೇ ಮಾಡಿ, ಪ್ರತ್ಯೇಕ ಕಮಿಟ್ ಆಗಿ ಉಳಿಸಿ.

ಇನ್ನೊಂದು ಅಡಗಿದ ಅಕ್ಷರ ಶೂನ್ಯ ಅಗಲದ ವಿಯೋಜಕ. ‘ಗುಲ್‌ಬರ್ಗ’ ಎಂದು ಒತ್ತಕ್ಷರ ಬಿಡಿಸಿ ಬರೆದಲ್ಲೆಲ್ಲ ಅದು ಇರುತ್ತದೆ. ನಮ್ಮ ಮೊದಲ ನಿಯಮ ಇರುವುದು ಅದಕ್ಕಾಗಿಯೇ. ತೊಂದರೆ ಕೊಡುತ್ತದೆಂದು ಎಲ್ಲ ಕಡತಗಳಿಂದ ಅದನ್ನು ಅಳಿಸಿಹಾಕಬೇಡಿ. ಟರ್ಮಿನಲ್‌ನಲ್ಲಿ, ಫೇಸ್‌ಬುಕ್ ಮುಂತಾದ ಪದಗಳು ಓದುವಂತೆ ಇರುವುದು ಅದರಿಂದಲೇ.

ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪಿಸಿದ ಕಡತಗಳಲ್ಲಿ ನಿಜವಾಗಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ಲ್ಯಾಟಿನ್ ಸಂಕೇತಗಳಿಗೆ ಫಾಂಟ್ ಕನ್ನಡದ ವೇಷ ತೊಡಿಸಿರುತ್ತದೆ. ಅವುಗಳನ್ನು ಮೊದಲು ಯೂನಿಕೋಡ್‌ಗೆ ಪರಿವರ್ತಿಸದೆ ಮೇಲಿನ ಯಾವ ಕಮಾಂಡೂ ನಡೆಯುವುದಿಲ್ಲ. ವರ್ಡ್‌ನ ಡಾಕ್ಸ್ ಕಡತಗಳು ಜಿಪ್ ಮಾಡಿದ ಪೊಟ್ಟಣಗಳಾದ್ದರಿಂದ ಅವುಗಳ ಮೇಲೂ ಸೆಡ್ ನಡೆಯದು. ಯುಟಿಎಫ್-16ರಲ್ಲಿ ಉಳಿಸಿದ ಕಡತಗಳನ್ನು ಪರಿವರ್ತಕ ಉಪಕರಣವಾದ ಐಕಾನ್ವ್‌ನಿಂದ ಯುಟಿಎಫ್-8ಕ್ಕೆ ತನ್ನಿ.

ಮನುಷ್ಯರೇ ನಿರ್ಧರಿಸಬೇಕಾದಲ್ಲಿ

ಬಿಜಾಪುರ ಮತ್ತು ವಿಜಯಪುರ ಎರಡೂ ಅಕಾರಾಂತ ಆದ್ದರಿಂದ ವಿಭಕ್ತಿಯ ಚಿಂತೆ ಇಲ್ಲ, ಒಂದೇ ನಿಯಮ ಸಾಕು ಎನಿಸುತ್ತದೆ. ಆದರೆ ಛತ್ತೀಸಗಢದಲ್ಲಿಯೂ ಬಿಜಾಪುರ ಎಂಬ ಜಿಲ್ಲೆ ಇದೆ, ಅದರ ಹೆಸರು ಬದಲಾಗಿಲ್ಲ. ಬಿಜಾಪುರದ ಆದಿಲಶಾಹಿಗಳು ಎಂದು ಇತಿಹಾಸದ ಲೇಖನದಲ್ಲಿ ಬಂದಾಗ ಬದಲಿಸಬೇಕೋ ಬೇಡವೋ ಎಂಬುದು ಸಂಪಾದಕರ ನಿರ್ಧಾರ. ನಿಯಮದ ಆರಂಭದಲ್ಲಿ /ಛತ್ತೀಸ/! ಎಂದು ಸೇರಿಸಿದರೆ ಆ ಪದವಿರುವ ಸಾಲುಗಳನ್ನು ಸೆಡ್ ಬಿಟ್ಟುಬಿಡುತ್ತದೆ, ಆದರೆ ರಾಜ್ಯದ ಹೆಸರು ಹಿಂದಿನ ಪ್ಯಾರಾದಲ್ಲಿ ಬಂದಿದ್ದರೆ ಅದು ಉಪಯೋಗಕ್ಕೆ ಬಾರದು. ಇಂಥ ಕಡೆ ನಾನು ವಿಮ್ ಎಂಬ ಪಠ್ಯ ಸಂಪಾದನೆಯ ತಂತ್ರಾಂಶ ಬಳಸುತ್ತೇನೆ. ಗ್ರೆಪ್ ಕೊಟ್ಟ ಕಡತಗಳನ್ನೆಲ್ಲ ಅದರಲ್ಲಿ ತೆರೆದು ಈ ಸಾಲು ಕೊಡಬೇಕು:

:ಆರ್ಗ್‌ಡು %ಎಸ್/ಬಿಜಾಪುರ/ವಿಜಯಪುರ/ಜಿಸಿಇ | ಅಪ್‌ಡೇಟ್

ಆರ್ಗ್‌ಡು ಎಂದರೆ ಎ-ಆರ್-ಜಿ-ಡಿ-ಒ. ಸಿ ಇರುವುದರಿಂದ ವಿಮ್ ಪ್ರತಿ ಜಾಗದಲ್ಲಿಯೂ ನಿಂತು ಕೇಳುತ್ತದೆ. ವೈ ಒತ್ತಿದರೆ ಬದಲಾಗುತ್ತದೆ, ಎನ್ ಒತ್ತಿದರೆ ಉಳಿಯುತ್ತದೆ. ಪದ ಇಲ್ಲದ ಕಡತ ಸಿಕ್ಕಾಗ ದೋಷವೆಂದು ನಿಲ್ಲದಂತೆ ಇ ನೋಡಿಕೊಳ್ಳುತ್ತದೆ. ಮುನ್ನೂರು ಜಾಗಗಳಿದ್ದರೂ ಸುತ್ತಲಿನ ವಾಕ್ಯ ಓದಿ ಒಂದೊಂದಕ್ಕೆ ಉತ್ತರಿಸಲು ಒಂದು ಮಧ್ಯಾಹ್ನ ಸಾಕು.

ಎಲ್ಲ ಮುಗಿದ ಮೇಲೆ ‘ನಿಯಮ’ ಕಡತದ ಸಾಲನ್ನು ಅದೇ ಫೋಲ್ಡರಿನ ಮೇಲೆ ಇನ್ನೊಮ್ಮೆ ಓಡಿಸಿ. ನಿಯಮಗಳು ಸರಿಯಾಗಿದ್ದರೆ ಎರಡನೆಯ ಬಾರಿ ಪಠ್ಯದಲ್ಲಿ ಒಂದು ಅಕ್ಷರವೂ ಬದಲಾಗಬಾರದು. ಬದಲಾಗದಿದ್ದರೆ ಕಮಿಟ್ ಮಾಡಿ, ‘.ಹಳೆ’ ಪ್ರತಿಗಳನ್ನು ಅಳಿಸಿ. ‘ನಿಯಮ’ ಕಡತವನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳಿ. ಮುಂದಿನ ವಾರ ಯಾರೋ ಹಳೆಯ ಲೇಖನವೊಂದನ್ನು ಕಳಿಸಿದಾಗ ಅದು ಮತ್ತೆ ಬೇಕಾಗುತ್ತದೆ.